ನಿಜವಾದ ಬ್ರಹ್ಮಕಮಲ

ನಮ್ಮ ಬೀದಿಯಲ್ಲಿ ಯಾರ ಮನೆಯ ಬ್ರಹ್ಮಕಮಲ ಅರಳಿದರೂ ಆ ರಾತ್ರಿ ನೆರೆಹೊರೆಯವರೆಲ್ಲ ಅಲ್ಲಿ ಸೇರುತ್ತಾರೆ. ಕುಂಡಕ್ಕೆ ಅರಿಶಿನ ಕುಂಕುಮ, ಹೂವಿಗೆ ಆರತಿ, ಬಂದವರಿಗೆ ಕಾಫಿ. ಈ ಸಂಭ್ರಮಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ಆ ಗಿಡ ಮೆಕ್ಸಿಕೋ ಕಡೆಯಿಂದ ಬಂದ ಒಂದು ಬಗೆಯ ಕಳ್ಳಿ. ಎಲೆಯಂತೆ ಕಾಣುವ ಅದರ ಕಾಂಡದ ತುಂಡೊಂದನ್ನು ಊರಿದರೆ ಸಾಕು, ಚಿಗುರಿಕೊಳ್ಳುತ್ತದೆ. ಹೆಸರು ಮಾತ್ರ ಕಡ ತಂದದ್ದು. ಆ ಹೆಸರಿಗೆ ಒಡೆಯನಾದ ಗಿಡವಿರುವುದು ಹಿಮಾಲಯದಲ್ಲಿ, ಸುಮಾರು 3700ರಿಂದ 4600 ಮೀಟರ್ ಎತ್ತರದಲ್ಲಿ, ಮರಗಳೇ ಬೆಳೆಯಲಾರದ ಕಲ್ಲು ಇಳಿಜಾರುಗಳಲ್ಲಿ.

ಅದಕ್ಕೂ ಕಮಲಕ್ಕೂ ನಂಟಿಲ್ಲವೆಂಬುದು ಬೇರೆ ಮಾತು. ಅದು ಸೇವಂತಿಗೆಯ ಬಳಗದ್ದು. ದಳಗಳೆಂದು ನಾವು ಭ್ರಮಿಸುವ ತೆಳುಹಳದಿಯ, ಕಾಗದದಂಥ ಹೊದಿಕೆ ವಾಸ್ತವವಾಗಿ ಎಲೆಯದೇ ರೂಪಾಂತರ. ಅದರೊಳಗೆ ನೇರಳೆ ಬಣ್ಣದ ಪುಟ್ಟ ಹೂಗಳು ಮಳೆಗೂ ಕೊರೆಯುವ ಗಾಳಿಗೂ ಮರೆಯಾಗಿ ಬೆಚ್ಚಗಿರುತ್ತವೆ. ವರ್ಷದ ಬಹುಪಾಲು ಹಿಮದಡಿಯಲ್ಲಿ ಕಳೆಯುವ ಈ ಗಿಡಕ್ಕೆ ಹೂ ಬಿಡಲು ಸಿಕ್ಕುವ ಕಾಲ ಜುಲೈನಿಂದ ಸೆಪ್ಟೆಂಬರ್ ಮಾತ್ರ. ಅಷ್ಟರಲ್ಲಿ ಹೂವನ್ನು ಕಿತ್ತರೆ ಆ ವರ್ಷದ ಬೀಜವೂ ಹೋಯಿತೆಂದೇ ಲೆಕ್ಕ.

ಹೂವನ್ನು ಕೀಳುವುದು ದೇವರಿಗಾಗಿಯೇ. ಕೇದಾರ ಬದರಿಗಳಲ್ಲಿ ಇದನ್ನು ಏರಿಸುವುದು ಹಳೆಯ ವಾಡಿಕೆ. ಹಿಂದೆ ಕಷ್ಟಪಟ್ಟು ನಡೆದುಹೋದ ಕೆಲವರು ಒಂದೆರಡು ಹೂ ತಂದರೆ ಬೆಟ್ಟಕ್ಕೆ ನಷ್ಟವಿರಲಿಲ್ಲವೆನ್ನಬಹುದು. ಇಂದು ಯಾತ್ರಿಕರು ಲಕ್ಷಗಟ್ಟಲೆ. 2000ದಲ್ಲಿ ರೂಪುಗೊಂಡ ಉತ್ತರಾಖಂಡ ಇದನ್ನು ರಾಜ್ಯಪುಷ್ಪವೆಂದು ಗೌರವಿಸಿದೆ. ಹೂಗಳ ಕಣಿವೆ 1982ರಲ್ಲಿಯೇ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಉದ್ಯಾನದ ಗಡಿಯ ಹೊರಗೂ ಬೆಟ್ಟಗಳಿವೆಯಷ್ಟೆ! ಇದರ ಮೇಲೆ ಹವೆ ಬಿಸಿಯಾಗುತ್ತಿದೆ. ಬಯಲಿನ ಗಿಡ ಉತ್ತರಕ್ಕೋ ದಕ್ಷಿಣಕ್ಕೋ ಸರಿದೀತು; ಬೆಟ್ಟದ ನೆತ್ತಿಗೇರಿದ ಗಿಡ ಇನ್ನೆಲ್ಲಿಗೆ ಸರಿಯಬೇಕು?

ಕೇದಾರವು ಪಂಚಪೀಠಗಳಲ್ಲಿ ಒಂದಾದ್ದರಿಂದ ನಮ್ಮ ಕಡೆಯ ಯಾತ್ರಿಕರು ಅಲ್ಲಿ ಕಡಿಮೆಯೇನಲ್ಲ. ನಮ್ಮ ಸೋದರತ್ತೆ ತಂದ ಒಣಗಿದ ಹೂವೊಂದು ದೇವರ ಪೆಟ್ಟಿಗೆಯಲ್ಲಿದೆ. ಅದನ್ನು ಕೀಳಬಾರದಿತ್ತೆಂದು ನಾನು ಅಂದಾಗ ಅತ್ತೆ, “ಸ್ವಾಮಿಗೆ ಏರಿಸಿದ್ದು ಕಣೋ, ಪ್ರಸಾದ” ಎಂದು ಗದರಿದರು. ಅವರ ಭಕ್ತಿಯನ್ನು ಹಳಿಯುವಷ್ಟು ವಿದ್ಯೆ ನನಗೆ ತಲೆಗೇರಿಲ್ಲ. “ಆ ಬೆಟ್ಟವೂ ಸ್ವಾಮಿಯದೇ ಅಲ್ಲವೆ ಅತ್ತೆ? ಅಲ್ಲೇ ಅರಳಿದ್ದು ಆತನಿಗೆ ಆಗಲೇ ಸಂದಿದೆ” ಎಂದೆ. ಮುಂದಿನ ಬಾರಿ ಹಿತ್ತಿಲಿನ ಬಿಲ್ವಪತ್ರೆಯನ್ನು ಡಬ್ಬಿಯಲ್ಲಿ ಕಟ್ಟಿಕೊಡುತ್ತೇನೆಂದೂ ಹೇಳಿದ್ದೇನೆ. ಅತ್ತೆ ಇನ್ನೂ ಒಪ್ಪಿಲ್ಲ, ಡಬ್ಬಿಯನ್ನಂತೂ ತೊಳೆದಿಟ್ಟಿದ್ದಾರೆ.