ಮನೆಯ ಫೋಟೋಗಳಿಗೆ ಮನೆಯಲ್ಲೇ ಒಂದು ಕಪಾಟು

ನಮ್ಮ ಸಂಬಂಧಿಕಳೊಬ್ಬಳ ಮೊಬೈಲು ಕಳೆದ ಮಳೆಗಾಲದಲ್ಲಿ ನೀರು ಸೇದುವಾಗ ಬಾವಿಗೆ ಬಿತ್ತು. ಮೊಬೈಲು ಹೋಯಿತೆಂದು ಅವಳು ಅಳಲಿಲ್ಲ. ತೀರಿಹೋದ ಉಮ್ಮನ ಧ್ವನಿ ಅದರಲ್ಲಿತ್ತು, ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

"ಎಲ್ಲವೂ ಗೂಗಲ್‌ನಲ್ಲಿ ಉಳಿಯುತ್ತದಲ್ಲ?" ಎನ್ನುವವರಿದ್ದಾರೆ. ಆದರೆ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಉಚಿತ ಜಾಗ ತುಂಬಿದರೆ ಹಣ ಕಟ್ಟುತ್ತಲೇ ಇರಬೇಕು. ಮನೆಯ ಹೆಣ್ಣುಮಕ್ಕಳ ಫೋಟೋಗಳನ್ನು ಪರರ ಯಂತ್ರದಲ್ಲಿಡಲು ಮನಸ್ಸು ಒಪ್ಪದವರೂ ಇದ್ದಾರೆ. ಇಂಥವರಿಗೆ ದಾರಿ ಹೋಮ್ ಸರ್ವರ್. ಸದಾ ಚಾಲನೆಯಲ್ಲಿರುವ ಒಂದು ಕಂಪ್ಯೂಟರ್ ಮನೆಯ ವೈಫೈ ಮೂಲಕ ಎಲ್ಲರ ಮೊಬೈಲಿನ ಫೋಟೋಗಳನ್ನು ತನ್ನಲ್ಲಿ ತುಂಬಿಸಿಕೊಳ್ಳುತ್ತದೆ. ಅಷ್ಟೇ.

ಯಾವ ಯಂತ್ರ? ಹೊಸದನ್ನು ಕೊಳ್ಳುವ ಮೊದಲು ಕಪಾಟಿನ ಮೂಲೆಯಲ್ಲಿರುವ ಹಳೆ ಲ್ಯಾಪ್‌ಟಾಪ್ ತೆಗೆದು ನೋಡಿ. ಪರದೆ ಒಡೆದಿದ್ದರೂ ನಡೆಯುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಕರೆಂಟು ಹೋದಾಗ ಅದೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಸಬೇಡಿ, ಬೆಂಕಿಯ ಅಪಾಯವಿದೆ. ರ್‍ಯಾಮ್ 4 ಜಿಬಿ ಇದ್ದರೆ ಆರಂಭಕ್ಕೆ ಸಾಕು, 8 ಜಿಬಿ ಇದ್ದರೆ ಒಳ್ಳೆಯದು.

ಕರೆಂಟು ಬಿಲ್ಲಿನ ಲೆಕ್ಕವನ್ನೂ ಹಾಕಬೇಕು. 15 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲಿರುಳು ಓಡಿದರೆ ವರ್ಷಕ್ಕೆ ಸುಮಾರು 131 ಯೂನಿಟ್. 60 ವ್ಯಾಟ್ ಎಳೆಯುವ ಹಳೆ ಡೆಸ್ಕ್‌ಟಾಪ್ ಆದರೆ 525 ಯೂನಿಟ್! ಪುಕ್ಕಟೆ ಸಿಕ್ಕಿತೆಂದು ಡೆಸ್ಕ್‌ಟಾಪ್ ಇಟ್ಟವರಿಗೆ ಅದು ಅಗ್ಗವಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಇನ್ನೂ ಕಡಿಮೆ ಎಳೆಯುತ್ತದೆ. ಆದರೆ ಅದಕ್ಕೆ ಪೆಟ್ಟಿಗೆ, ಅಡಾಪ್ಟರ್, ಡಿಸ್ಕ್ ಎಲ್ಲವನ್ನೂ ಬೇರೆಯಾಗಿ ಕೊಳ್ಳಬೇಕು. ಅದರ ಪುಟ್ಟ ಮೆಮೊರಿ ಕಾರ್ಡನ್ನು ನಂಬಿ ಫೋಟೋಗಳನ್ನಿಡಬೇಡಿ.

ಡಿಸ್ಕ್ ಎಷ್ಟು ದೊಡ್ಡದು? ಒಂದು ಫೋಟೋ 4 ಎಂಬಿ ಎಂದಿಟ್ಟುಕೊಂಡರೆ 1 ಟಿಬಿಯಲ್ಲಿ ಎರಡೂವರೆ ಲಕ್ಷ ಫೋಟೋ ಹಿಡಿಸುತ್ತವೆ. ವಿಡಿಯೋ ಹೆಚ್ಚಿದ್ದರೆ 2 ಟಿಬಿ ತನ್ನಿ. ವ್ಯವಸ್ಥೆ ಓಡಲು ಚಿಕ್ಕ ಎಸ್‌ಎಸ್‌ಡಿ, ಫೋಟೋ ಇಡಲು ಹಾರ್ಡ್ ಡಿಸ್ಕ್, ಇದು ಸರಿಯಾದ ಜೋಡಿ. ಯಂತ್ರವನ್ನು ರೌಟರ್ ಪಕ್ಕದಲ್ಲಿಟ್ಟು ಕೇಬಲ್‌ನಿಂದ ಜೋಡಿಸಿ. ಅಡುಗೆಮನೆಯ ಜಿಡ್ಡು, ಮಳೆಯ ತೇವ ತಾಗದಿರಲಿ.

ಇಲ್ಲಿ ಬಹಳ ಮಂದಿ ಎಡವುತ್ತಾರೆ: ಒಂದೇ ಯಂತ್ರದಲ್ಲಿ ಎರಡು ಡಿಸ್ಕ್ ಹಾಕಿ ನಿಶ್ಚಿಂತರಾಗುತ್ತಾರೆ. ಒಂದನ್ನು ನೋಡಿ ಇನ್ನೊಂದು ನಕಲು ಮಾಡುವ ವ್ಯವಸ್ಥೆಯಲ್ಲಿ, ಮಗು ಕೈತಪ್ಪಿ ಅಳಿಸಿದ್ದು ಎರಡರಿಂದಲೂ ಅಳಿಸಿಹೋಗುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಹುದು. ಆದ್ದರಿಂದ ಎರಡನೆಯ ಡಿಸ್ಕನ್ನು ಬೇರೆಯಾಗಿಡಿ. ತಿಂಗಳಿಗೊಮ್ಮೆ ಪ್ರತಿ ಮಾಡಿ, ತವರುಮನೆಯಲ್ಲೋ ತಂಗಿಯ ಮನೆಯಲ್ಲೋ ಇಟ್ಟುಬನ್ನಿ.

ನೆಕ್ಸ್ಟ್‌ಕ್ಲೌಡ್, ಇಮ್ಮಿಚ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗಳೋ ಮಗನೋ ರಜೆಯಲ್ಲಿ ಕುಳಿತು ಅಳವಡಿಸಬಲ್ಲರು. ನೀವೂ ಪಕ್ಕದಲ್ಲಿ ಕುಳಿತು ಕಲಿಯಿರಿ. ಸದ್ಯಕ್ಕೆ ಮನೆಯ ವೈಫೈ ಒಳಗಷ್ಟೇ ಬಳಸಿ. ಹೊರಗಿನಿಂದ ನೋಡುವ ಬಾಗಿಲನ್ನು ಸರಿಯಾಗಿ ಬಲ್ಲವರ ನೆರವಿಲ್ಲದೆ ತೆರೆಯಬೇಡಿ.

ಆ ಸಂಬಂಧಿಕಳ ಮನೆಯಲ್ಲೀಗ ಹಳೆ ಲ್ಯಾಪ್‌ಟಾಪೊಂದು ಸದ್ದಿಲ್ಲದೆ ಓಡುತ್ತಿದೆ. ಮಕ್ಕಳ ಫೋಟೋಗಳೆಲ್ಲ ಅದರಲ್ಲಿವೆ, ಉಮ್ಮನ ಧ್ವನಿಯೊಂದನ್ನು ಬಿಟ್ಟು. ಸಹೋದರಿಯರೇ, ಸರ್ವರ್ ನಿಧಾನಕ್ಕೆ ಬರಲಿ. ನಿಮ್ಮ ಮೊಬೈಲಿನಲ್ಲಿರುವ ಅಂಥ ಧ್ವನಿಯನ್ನು ಇಂದೇ ಒಂದು ಪೆನ್‌ಡ್ರೈವ್‌ಗಾದರೂ ಹಾಕಿಡಿ.