ಹೇಳಿದವರ ಹೆಸರು

ವಿಜಯಪುರ ಜಿಲ್ಲೆಯ ಕನಮಡಿಯ ಹೊಲಗಳ ಬೇಲಿಯ ಮೇಲೆ ನಾಲ್ಕು ಏಣಿನ, ಗಿಣ್ಣುಗಿಣ್ಣಾಗಿ ಪೋಣಿಸಿದಂತೆ ತೋರುವ, ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿದರೂ ಹಸಿರು ಬಿಡದ ಒಂದು ಬಳ್ಳಿ ಹಬ್ಬಿರುತ್ತದೆ. ಮಂಗರಬಳ್ಳಿ ಎಂದು ಅದರ ಹೆಸರು. ಎತ್ತಿನ ಕಾಲು ಮುರಿದಾಗ, ಗಿಡದಿಂದ ಬಿದ್ದ ಹುಡುಗನ ಮುಂಗೈ ಬಾಗಿದಾಗ, ಅದನ್ನು ಜಜ್ಜಿ ಹಚ್ಚಿ, ಬಿದಿರಿನ ದಬ್ಬೆಯಿಟ್ಟು ಬಟ್ಟೆ ಸುತ್ತುವ ವೃದ್ಧರೊಬ್ಬರ ಕಟ್ಟೆಯ ಮೇಲೆ ಕೆಲವು ವರ್ಷಗಳ ಹಿಂದೆ ನಾನು ಕುಳಿತಿದ್ದಾಗ, ಔಷಧಶಾಸ್ತ್ರದ ಇಬ್ಬರು ವಿದ್ಯಾರ್ಥಿಗಳು ಚೀಲ ಹಿಡಿದು ಬಂದರು. "ಇದಕ್ಕೇನಂತೀರಿ ಅಜ್ಜಾರ?" ಎಂದು ಕೇಳಿದರು. "ಮಂಗರಬಳ್ಳಿ ಅಂತೇವಪಾ. ಹಸೀದು ನಾಲಿಗಿಗೆ ಹಚ್ಚಬ್ಯಾಡ, ತುರಸತೈತಿ," ಎಂದರು ಅಜ್ಜ. ಯಾವ ಗಿಣ್ಣು ಎಳೆಯದು, ಯಾವುದು ಬಲಿತದ್ದು, ಎತ್ತಿಗೆ ಎಷ್ಟು ದಿನ ಕಟ್ಟು, ಮನುಷ್ಯನಿಗೆ ಎಷ್ಟು ದಿನ ಎಂಬುದನ್ನೆಲ್ಲ ಒಂದು ಗಂಟೆಯ ಕಾಲ ಬಿಡಿಸಿ ಹೇಳಿದರು. ತರುವಾಯ ಆ ಬಳ್ಳಿಯನ್ನು ಒಣಗಿಸಿ ಅಂಟಿಸಿದ ಹಾಳೆಯನ್ನು ನಾನು ಕಂಡೆ. ಲ್ಯಾಟಿನ್ ನಾಮ, ಸ್ಥಳ, ದಿನಾಂಕ, ಸಂಗ್ರಹಿಸಿದವರು, ಗುರುತಿಸಿದವರು, ಎಲ್ಲಕ್ಕೂ ಅಲ್ಲಿ ಗೆರೆಯಿತ್ತು, ಹೇಳಿದವರಿಗೆ ಗೆರೆಯಿರಲಿಲ್ಲ.

ಈ ಗೆರೆಯ ಅಭಾವವನ್ನು ಅಲ್ಪವಿಷಯವೆಂದು ಎಣಿಸುವ ಪಂಡಿತರೊಡನೆ ನನಗೆ ಒಪ್ಪಿಗೆಯಿಲ್ಲ. ಏಕೆಂದರೆ ಅದೇ ಅಭಾವವನ್ನು ಈಗ ದೇಶದ ಶಾಸನವೇ ಪುರಸ್ಕರಿಸಿದೆ. 2002ರ ಜೀವವೈವಿಧ್ಯ ಅಧಿನಿಯಮಕ್ಕೆ 2023ರಲ್ಲಿ ಆದ ತಿದ್ದುಪಡಿಯು, 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳಿಂದ ಬಂದ ಜ್ಞಾನವನ್ನು ಉಪಯೋಗಿಸುವವರಿಗೆ ರಾಜ್ಯದ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸುವ ಹೊಣೆಯಿಂದಲೂ, ಲಾಭವನ್ನು ಹಂಚಿಕೊಳ್ಳುವ ಹೊಣೆಯಿಂದಲೂ ವಿನಾಯಿತಿ ಕೊಟ್ಟಿತು. ಮಂಗರಬಳ್ಳಿಯು ಆಯುರ್ವೇದದ ಭಾವಪ್ರಕಾಶದಲ್ಲಿ ಅಸ್ಥಿಶೃಂಖಲೆಯೆಂಬ ಹೆಸರಿನಿಂದ ಉಕ್ತವಾಗಿದೆ. ಭಾವಪ್ರಕಾಶವು ಆ ಅನುಸೂಚಿಯಲ್ಲಿದೆ. ಅಲ್ಲಿಗೆ ಬಳ್ಳಿಯ ಸತ್ತ್ವವನ್ನು ಗುಳಿಗೆಯಾಗಿಸಿ ಮಾರುವವನಿಗೆ ಕನಮಡಿಯ ಅಜ್ಜನ ಹಂಗು ಹರಿಯಿತು. ಆದರೆ ಎತ್ತಿನ ಕಾಲಿಗೆ ದಬ್ಬೆಯನ್ನು ಎಷ್ಟು ಬಿಗಿಯಬೇಕು, ಕಟ್ಟು ಬಿಚ್ಚುವ ದಿನವನ್ನು ಬಾವಿನ ಬಿಸಿ ನೋಡಿ ಹೇಗೆ ನಿರ್ಣಯಿಸಬೇಕು ಎಂಬುದು ಶ್ಲೋಕದಲ್ಲಿಲ್ಲ, ಅಜ್ಜನ ಬೆರಳುಗಳಲ್ಲಿದೆ. ಓಲೆಗರಿಗೆ ಏರಿದುದು ಮಾತ್ರ ಜ್ಞಾನ, ಬಾಯಿಂದ ಬಾಯಿಗೆ ಬಂದುದು ಬರಿಯ ಮಾಹಿತಿ ಎಂಬ ಈ ಶ್ರೇಣೀಕರಣ ಯಾವ ನ್ಯಾಯ?

ಸಂಶೋಧಕರ ಮರುಮಾತನ್ನು ನಾನು ಬಲ್ಲೆ. ಮೂಲ ಶಾಸನವು ವಿಜ್ಞಾನದ ಕಾಲಿಗೆ ಸಂಕೋಲೆಯಾಗಿತ್ತು ಎನ್ನುತ್ತಾರೆ. ತಿದ್ದುಪಡಿಯು ಸೆರೆವಾಸದ ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಪ್ರಯೋಗಶಾಲೆಯಲ್ಲಿ ದುಡಿಯುವವನನ್ನು ಜೈಲಿನ ಹೆಸರಿನಿಂದ ಹೆದರಿಸುವುದು ಸಲ್ಲದು. ಆದರೆ 2002ರ ಶಾಸನವು ಭಾರತೀಯ ವಿದ್ಯಾರ್ಥಿಯನ್ನು ಬರಿಯ ಸಂಶೋಧನೆಗಾಗಿ ಎಂದೂ ತಡೆದಿರಲಿಲ್ಲ. ವಾಣಿಜ್ಯೋಪಯೋಗಕ್ಕೆ ಮೊದಲು ರಾಜ್ಯ ಮಂಡಳಿಗೆ ತಿಳಿಸು, ಪೇಟೆಂಟು ಬೇಡುವ ಮುನ್ನ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆ, ಮುಖ್ಯವಾಗಿ ಇಷ್ಟೇ ಅದು ಅವನಿಗೆ ವಿಧಿಸಿದ್ದು. 2014ರ ನಿಯಮಗಳಲ್ಲಿ ತಯಾರಕನ ಮಾರಾಟದಿಂದ ಬೇಡಿದ ಪಾಲಾದರೂ ನೂರು ರೂಪಾಯಿಗೆ ಐವತ್ತು ಪೈಸೆಯನ್ನು ಮೀರಿರಲಿಲ್ಲ. ಇದನ್ನು ಸಂಕೋಲೆಯೆನ್ನಲು ಮನಸ್ಸು ಹೇಗೆ ಬರುತ್ತದೆ?

ಋಣವನ್ನು ಒಪ್ಪಿಕೊಂಡೂ ಒಳ್ಳೆಯ ವಿಜ್ಞಾನ ನಡೆಯಬಲ್ಲದೆಂಬುದಕ್ಕೆ ಕೇರಳದ ನಿದರ್ಶನವಿದೆ. 1987ರಲ್ಲಿ ಅಗಸ್ತ್ಯಮಲೆಯ ಕಾಡಿನಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಜನರು ಒಂದು ಹಣ್ಣನ್ನು ತಿಂದು ದಣಿವಿಲ್ಲದೆ ನಡೆಯುತ್ತಿದ್ದರು. ಆರೋಗ್ಯಪಚ್ಚೆಯೆಂಬ ಆ ಗಿಡದಿಂದ ಪಾಲೋಡಿನ ಸಸ್ಯೋದ್ಯಾನವು 'ಜೀವನಿ'ಯೆಂಬ ಔಷಧವನ್ನು ರೂಪಿಸಿ, ಬಂದ ಹಣದಲ್ಲಿ ಅರ್ಧವನ್ನು ಕಾಣಿಗಳಿಗೆಂದು ತೆಗೆದಿಟ್ಟಿತು. ಆ ವ್ಯವಸ್ಥೆಯಲ್ಲಿ ಮುಂದೆ ತೊಡಕುಗಳು ಬಂದುವು, ನಿಜ. ಆದರೆ ಹೇಳಿದವರು ಯಾರೆಂಬುದನ್ನು ಅಲ್ಲಿ ಯಾರೂ ಮರೆಮಾಚಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1964-65ರಲ್ಲಿ ಈಸ್ಟರ್ ದ್ವೀಪದಿಂದ ಒಯ್ದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ರಾಪಾಮೈಸಿನ್, ಮೂತ್ರಪಿಂಡದ ಕಸಿಯಾದವರನ್ನು ಕಾಯುವ ಮಹೌಷಧವಾಯಿತು. ರಾಪಾ ನೂಯಿ ಎಂಬ ದ್ವೀಪದ ಹೆಸರು ಔಷಧಕ್ಕೆ ಸಿಕ್ಕಿತು, ದ್ವೀಪದ ಜನಕ್ಕೆ ಪಾಲು ಸಿಗಲಿಲ್ಲ.

ಮಂಗರಬಳ್ಳಿಯೂ ಪ್ರಯೋಗಶಾಲೆಗೆ ಹೊಸತಲ್ಲ. ಉಡುಪಿಯ ಸೀಮೆಯಿಂದ ಕಾಶಿಗೆ ಹೋದ ಶಸ್ತ್ರವೈದ್ಯ ಡಾ. ಕೆ. ಎನ್. ಉಡುಪರು 1960ರ ದಶಕದಲ್ಲಿಯೇ ಅದು ಮುರಿದ ಎಲುಬನ್ನು ಬೇಗ ಕೂಡಿಸುವುದೇ ಎಂದು ಪರೀಕ್ಷಿಸಿ ಪ್ರಕಟಿಸಿದರು. ಇಂದು ಅದರ ಗುಳಿಗೆಗಳು ಕೀಲುನೋವಿಗೆಂದೂ ಮೈ ಕರಗಿಸಲೆಂದೂ ಹೊರದೇಶಗಳಲ್ಲಿ ಮಾರಾಟವಾಗುತ್ತಿವೆ. ವಿಜಯಪುರದ ಔಷಧಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಇನ್ನೂ ಆಳವಾಗಿ ಶೋಧಿಸಲಿ ಎಂಬುದೇ ನನ್ನ ಹಂಬಲ.

ಆದುದರಿಂದ ನಾನು ಕೇಳುವುದು ಇಷ್ಟೆ. ಪ್ರತಿ ಗ್ರಾಮ ಪಂಚಾಯಿತಿಯೂ ನಗರದ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆಯತಕ್ಕದ್ದೆಂದು ಶಾಸನವೂ ಅದರ ನಿಯಮಗಳೂ ಹೇಳುತ್ತವೆ. ಆ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ಪುಸ್ತಕ ನೋಡಿ ತುಂಬದೆ, ಕಟ್ಟೆಗೆ ಹೋಗಿ ಕೇಳಿ, ಒಪ್ಪಿಗೆ ಪಡೆದು, ಹೇಳಿದವರ ಹೆಸರಿನೊಡನೆ ತುಂಬಲಿ; ಆ ಪುಟದ ಪ್ರತಿಯಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕದಿರಲಿ; ಸಂಸತ್ತು ಗ್ರಂಥದ ವಿನಾಯಿತಿಯನ್ನು ಹಿಂತೆಗೆದುಕೊಳ್ಳಲಿ. ಕಳೆದ ಸಲ ನಾನು ಹೋದಾಗ ಅಜ್ಜ ಆ ಹುಡುಗರನ್ನು ನೆನೆದು, "ಬಳ್ಳಿ ಒಯ್ದಿದ್ರಲ್ಲ, ಏನಾತಂತ ಅದು?" ಎಂದು ಕೇಳಿದರು. ಉತ್ತರ ಹೇಳಲು ಅವರ ಕಟ್ಟೆಗೆ ಯಾರೂ ಮರಳಿ ಬಂದಿರಲಿಲ್ಲ.