ಕಣ್ಣಿಗೆ ಕಾಣದ್ದೆಲ್ಲ ನೀಟಲ್ಲ ಸ್ವಾಮೀ...

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿಬಿಟ್ಟವು. ಇವತ್ತು ಬರೆಯೋಕೆ ಕೂತಿರೋದು ಬರೀ ಸಿಟ್ಟಿನಿಂದ. ಯಾರ ಮೇಲೆ ಅಂದ್ರೆ, "ಕೆಲಸ ಆಗ್ತಿದೆಯಲ್ಲ, ನಡೆಯತ್ತೆ ಬಿಡೋ" ಅನ್ನುವ ನಮ್ಮ ಇಂಜಿನಿಯರ್ ಮಹಾಶಯರ ಮೇಲೆ. ಆ ಗುಂಪಿನಲ್ಲಿ ನಾನೂ ಇದ್ದವನೇ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ವಿಷಯ ರೇಡಾರ್ ಡಿಟೆಕ್ಟರ್. ಊರಲ್ಲಿರೋ ಮಿತ್ರರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಅಮೆರಿಕದಲ್ಲಿ ಹೈವೇ ಪಕ್ಕ ಮರದ ಮರೆಯಲ್ಲಿ ನಿಂತ ಪೊಲೀಸಪ್ಪ ರೇಡಾರ್ ಗನ್ನಿನಿಂದ ನಮ್ಮ ಕಾರಿನ ವೇಗ ಅಳೀತಾನೆ. ಕೆ ಬ್ಯಾಂಡ್ ಅಂದ್ರೆ 24 ಗಿಗಾಹರ್ಟ್ಸ್ ಆಸುಪಾಸು, ಕೆಎ ಬ್ಯಾಂಡ್ ಅಂದ್ರೆ 33ರಿಂದ 36. ಈ ತರಂಗಗಳು ಮೂಗಿಗೆ ಬಡಿದ ಕೂಡಲೇ ಕುಯ್ಯೋ ಅನ್ನುವ ಪುಟ್ಟ ಡಬ್ಬಿಯೇ ಡಿಟೆಕ್ಟರ್. ಮುಂದಿನ ಗಾಜಿಗೆ ಅಂಟಿಸಿ, ಸಿಗರೇಟ್ ಲೈಟರ್ ತೂತಿಗೆ ಪ್ಲಗ್ ಚುಚ್ಚಿದರೆ ಆಯ್ತು. ಆದರೆ ಆ ಸುರುಳಿ ವೈರು ಕಣ್ಣೆದುರಿಗೇ ಜೋತಾಡ್ತಾ ಇರತ್ತೆ, ಕೈಗೆ ಕಾಲಿಗೆ ಸಿಕ್ಕಿಕೊಳ್ಳತ್ತೆ. ಅದಕ್ಕೇ ಕೆಲವರು ಫ್ಯೂಸ್ ಬಾಕ್ಸಿನಿಂದ ಕರೆಂಟ್ ತೆಗೆದು, ವೈರನ್ನ ಒಳಗಿಂದೊಳಗೇ ಎಳೆದು ಹಾರ್ಡ್‌ವೈರ್ ಮಾಡಿಸ್ತಾರೆ.

ನ್ಯೂಜೆರ್ಸಿಯಲ್ಲೇ ಇರೋ ನನ್ನ ಗೆಳೆಯನೊಬ್ಬ, ಹಾಸನದ ಕಡೆಯವನು, ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ. ಯಾವುದೋ ಅಂಗಡಿಗೆ ದುಡ್ಡು ಕೊಟ್ಟು ಇದನ್ನ ಮಾಡಿಸಿಕೊಂಡ. ಬ್ರಿಡ್ಜ್‌ವಾಟರ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಪುಳಿಯೋಗರೆ ತಿನ್ನುತ್ತಾ ತೋರಿಸಿದ. "ನೋಡೋ ಮಗಾ, ಒಂದು ವೈರಾದ್ರೂ ಕಾಣತ್ತಾ?" ಕಾಣಲಿಲ್ಲ. ನಾನೂ ಭೇಷ್ ಅಂದೆ. ಥೂ ನನ್ನ!

ಜನವರಿಯಲ್ಲಿ ಮೂರು ವಾರ ಬೆಂಗಳೂರಿಗೆ ಹೋಗಿ ಬಂದ. ನೆವಾರ್ಕ್ ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಕೊರೆಯೋ ಚಳಿ, ಜೊತೆಗೆ ಹೆಂಡತಿ, ನಾಲ್ಕು ಸೂಟ್‌ಕೇಸು, ಎಂಟಿಆರ್ ಪುಡಿಗಳು. ಕಾರು ಉಸಿರೇ ಎತ್ತಲಿಲ್ಲ. ಜಂಪರ್ ಕೇಬಲ್ ಹಿಡಿದು ಓಡಿದವನು ನಾನು.

ಆಮೇಲೆ ಮೀಟರ್ ಹಾಕಿ ನೋಡಿದರೆ, ಕೀ ತೆಗೆದರೂ ಆ ಡಬ್ಬಿ ಕಾಲು ಆಂಪಿಯರ್ ಎಳೀತಾ ಇದೆ! ದಿನಕ್ಕೆ 6 ಆಂಪಿಯರ್-ಅವರ್. ಇಂಥ ಕಾರಿನ ಬ್ಯಾಟರಿ 50-60 ಇರತ್ತೆ ಅಂತಿಟ್ಕೊಳ್ಳಿ, ವಾರವೊಂದು ಕಳೆಯೋದರೊಳಗೆ ತೀರ್ಥಯಾತ್ರೆ. ಅಂಗಡಿಯವನು ಯಾವಾಗಲೂ ಕರೆಂಟ್ ಇರೋ ಫ್ಯೂಸಿಗೇ ಜೋಡಿಸಿದ್ದ. ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ಫ್ಯೂಸನ್ನ ಹುಡುಕೋಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ಅವನಿಗಿರಲಿಲ್ಲ.

ಜೋಡಿಸಿದ ರೀತಿಯಾದ್ರೂ ಹೇಗಿತ್ತು ಅಂತೀರಿ? ವೈರಿನ ತುದಿ ಸುಲಿದು, ಫ್ಯೂಸಿನ ಒಂದು ಕಾಲಿಗೆ ಸುತ್ತಿ, ಅದನ್ನ ಹಾಗೇ ಒಳಗೆ ಒತ್ತಿದ್ದ. ಫ್ಯೂಸ್ 15 ಆಂಪಿಯರ್‌ದು, ವೈರು ಟೆಲಿಫೋನ್ ವೈರಿನಷ್ಟು ತೆಳ್ಳಗೆ. ಫ್ಯೂಸ್ ಇರೋದು ಡಬ್ಬಿಯನ್ನ ಕಾಪಾಡೋಕಲ್ಲ ಸ್ವಾಮಿ, ವೈರನ್ನ ಕಾಪಾಡೋಕೆ. ಆ ವೈರು ಎಲ್ಲಾದರೂ ಸವೆದು ಬಾಡಿಗೆ ತಾಗಿದ್ದಿದ್ರೆ, ಫ್ಯೂಸ್ ಹೋಗೋ ಮೊದಲು ವೈರೇ ಕಾದು ಪ್ಲಾಸ್ಟಿಕ್ ಕರಗಬಹುದಿತ್ತು. ಫ್ಯೂಸ್ ಟ್ಯಾಪ್ ಅಂತ ಕೆಲವೇ ಡಾಲರಿನ ಒಂದು ವಸ್ತು ಸಿಗತ್ತೆ. ಹಳೇ ಫ್ಯೂಸಿಗೊಂದು ಮನೆ, ನಮ್ಮ ಹೊಸ 2 ಆಂಪಿಯರ್ ಫ್ಯೂಸಿಗೊಂದು ಮನೆ. ಫ್ಯೂಸ್ ತೆಗೆದಾಗ ಎರಡು ಸೀಳುಗಳಲ್ಲಿ ಕರೆಂಟ್ ಬರುವ ಸೀಳು ಯಾವುದು ಅಂತ ಮೀಟರಿನಲ್ಲಿ ನೋಡಿ, ಟ್ಯಾಪಿನ ಆ ಕಡೆಯ ಕಾಲು ಅಲ್ಲಿಗೇ ಬರುವ ಹಾಗೆ ಕೂರಿಸಬೇಕು. ಉಲ್ಟಾ ಕೂರಿಸಿದ್ರೂ ಡಬ್ಬಿ ಕೆಲಸ ಮಾಡತ್ತೆ, ಆದರೆ ಅದರ ಕರೆಂಟು ಹಳೇ ಫ್ಯೂಸನ್ನೂ ದಾಟಿಕೊಂಡೇ ಬರತ್ತೆ. "ಕೆಲಸ ಮಾಡ್ತಿದೆಯಲ್ಲ" ಅನ್ನೋದು ಇಂಥ ಕಡೆಯೇ ಮೋಸ ಮಾಡೋದು.

ಆದರೆ ಇದಕ್ಕೆಲ್ಲ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಬಂದದ್ದು ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಬಿಚ್ಚಿದಾಗ.

ಈ ಕಾಲದ ಕಾರುಗಳಲ್ಲಿ ಆ ಕಂಬದ ಒಳಗೆ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರ್ತಾರೆ. ಕಣ್ಣು ಮಿಟುಕಿಸೋದರೊಳಗೆ, ಸೆಕೆಂಡಿನ ನೂರನೇ ಭಾಗಗಳ ಲೆಕ್ಕದಲ್ಲಿ, ಅದು ಉಬ್ಬಿ ಹೊರಗೆ ಬರಬೇಕು. ಅಂಗಡಿಯವನು ವೈರನ್ನ ಅದರ ಮೇಲೇ, ಮುಂಭಾಗದಲ್ಲೇ, ಅಡ್ಡಡ್ಡ ಎಳೆದು ಪ್ಲಾಸ್ಟಿಕ್ ಮುಚ್ಚಿದ್ದ. ಹೊರಗಿಂದ ಅಷ್ಟು ನೀಟು! ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೇ ಅಡ್ಡ. ವಾರದ ದಿನ ಆ ಸೀಟಿನಲ್ಲಿ ಕೂರೋದು ಗೆಳೆಯನಲ್ಲ, ಅವನ ಹೆಂಡತಿ.

ನಾವು ಕೋಡ್ ಬರೆಯೋರಿಗೆ ಇದು ಗೊತ್ತಿರಬೇಕಿತ್ತು. ಎರರ್ ಬಂದರೆ ಖಾಲಿ ಕ್ಯಾಚ್ ಬ್ಲಾಕಿನಲ್ಲಿ ನುಂಗಿಸಿ, ಸ್ಕ್ರೀನ್ ಮೇಲೆ ಏನೂ ಕಾಣ್ತಿಲ್ಲ ಅಂತ ಬೀಗೋನನ್ನ ರಿವ್ಯೂನಲ್ಲಿ ಉಗೀತೀವಿ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ನಾವೇ ಅದನ್ನ ಭೇಷ್ ಅಂತೀವಿ. ಸೆಮಿಸ್ಟರುಗಟ್ಟಲೆ ಓಮ್ ಮತ್ತು ಕಿರ್ಚಾಫ್‌ರನ್ನ ಉರು ಹೊಡೆದವರಿಗೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆಯೋಕೆ ಭಯ. ಭಯ ಕೂಡ ಅಲ್ಲ, ಅದು ಮೆಕ್ಯಾನಿಕ್ಕಿನ ಕೆಲಸ ಅನ್ನೋ ಜಂಬ.

ಸರಿಯಾದ ರೀತಿ ಕಷ್ಟದ್ದೇನಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ವೈರು ಏರ್‌ಬ್ಯಾಗಿನ ಹಿಂದಿನಿಂದ ಹೋಗಬೇಕು, ಕಂಪನಿಯವರೇ ಎಳೆದಿರೋ ವೈರಿನ ಕಟ್ಟಿಗೆ ಜಿಪ್ ಟೈ ಹಾಕಿ ಬಿಗೀಬೇಕು. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ, ಅದು ಏರ್‌ಬ್ಯಾಗಿನದು. ಅರ್ತ್ ವೈರಿಗೆ ರಿಂಗ್ ಹಾಕಿ, ಬಣ್ಣವಿಲ್ಲದ ಕಬ್ಬಿಣಕ್ಕೆ ಬೋಲ್ಟ್ ಮಾಡಿ. ರಾತ್ರಿ ತಾನೇ ಮಂಕಾಗುವ ಕನ್ನಡಿ ಇದ್ದರೆ ಇನ್ನೂ ಸುಲಭ, ಅಲ್ಲಿಗೆ ಬರುವ ಕರೆಂಟಿನಿಂದಲೇ ಗೇಣುದ್ದ ವೈರಿನಲ್ಲಿ ಮುಗಿಯತ್ತೆ, ಕಂಬದ ತಂಟೆಯೇ ಬೇಡ.

ಈಗ ಇನ್ನೊಂದು ಗುಂಪಿಗೆ ಬರ್ತೀನಿ. "ಡಿಟೆಕ್ಟರ್ ಇಡೋದೇ ಕಳ್ಳತನ, ಅದರಲ್ಲಿ ನೀಟು ಬೇರೆ ಕೇಡು" ಅನ್ನೋ ಸಜ್ಜನರು. ನಮ್ಮ ಖಾಸಗಿ ಕಾರುಗಳಿಗೆ ನ್ಯೂಜೆರ್ಸಿಯಲ್ಲಿ ಇದು ಕಾನೂನುಬಾಹಿರವಲ್ಲ. ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿಸಿಯಲ್ಲಿ ನಿಷಿದ್ಧ. ನನ್ನ ಗೆಳೆಯ ಐ-95 ಹಿಡಿದು ವರ್ಜೀನಿಯಾದ ಅಕ್ಕನ ಮನೆಗೆ ಹೋಗ್ತಾ ಇರ್ತಾನೆ, ಡಬ್ಬಿ ಗಾಜಿನ ಮೇಲೇ ಮಿಣುಕ್ತಾ ಇರತ್ತೆ! ಕರೆಂಟ್ ಇಲ್ಲದೆ, ಕಾರೊಳಗಿದ್ದವರ ಕೈಗೆ ಸಿಗದ ಕಡೆ ಇಟ್ಟಿದ್ರೆ ಮಾತ್ರ ಅಲ್ಲಿ ತಪ್ಪಲ್ಲ. ಅಂದ್ರೆ ಗಡಿ ದಾಟೋ ಮೊದಲು ಡಬ್ಬಿ ಕಳಚಿ ಡಿಕ್ಕಿಗೆ ಹಾಕಬೇಕು. ಅದೇ ರಾಜ್ಯದಲ್ಲಿ 85 ಮೈಲಿ ದಾಟಿದರೆ ರೆಕ್‌ಲೆಸ್ ಡ್ರೈವಿಂಗ್, ಅದು ಬರೀ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು. ವೀಸಾ ಫಾರಂ ತುಂಬಿಸಿ ಗೊತ್ತಿರೋರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸಜ್ಜನರ ಮಾತಲ್ಲಿ ಅರ್ಧ ನಿಜ ಇದೆ. ಪೊಲೀಸಪ್ಪ ನಿಮ್ಮ ಮೇಲೆ ಗುರಿಯಿಟ್ಟು ಅದೇ ಕ್ಷಣ ಗನ್ ಒತ್ತಿದರೆ, ಅಥವಾ ಲೇಸರ್ ಬಳಸಿದರೆ, ಡಬ್ಬಿ ಕೂಗೋ ಹೊತ್ತಿಗೆ ನಿಮ್ಮ ವೇಗ ಅವನ ಕೈಯಲ್ಲಿರತ್ತೆ. ಅದೂ ಅಲ್ದೆ ಸೂಪರ್‌ಮಾರ್ಕೆಟ್ಟಿನ ಬಾಗಿಲು, ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರು, ಎಲ್ಲಕ್ಕೂ ಕುಯ್ಯೋ ಅನ್ನತ್ತೆ. ಇದನ್ನ ನಂಬಿ 90ರಲ್ಲಿ ಹೋಗೋನು ದಡ್ಡ. ಅಂಥವನು ನನ್ನ ಹತ್ರ ವೈರಿಂಗಿಗೆ ಬರೋದು ಬೇಡ. ಆದರೆ ಡಬ್ಬಿ ತಪ್ಪೋ ಸರಿಯೋ, ಏರ್‌ಬ್ಯಾಗ್ ಮುಂದೆ ವೈರ್ ಇರೋದು ತಪ್ಪೇ. ಡ್ಯಾಶ್‌ಕ್ಯಾಮ್ ಹಾಕಿಸೋರಿಗೂ ಇದೇ ಮಾತು, ಅದು ಬೆಂಗಳೂರಿನಲ್ಲಾದ್ರೂ ಅಷ್ಟೇ. ಹಾಕಿಸಿದ್ರೆ ಒಂದು ಸಲ ಕಂಬದ ಪ್ಲಾಸ್ಟಿಕ್ ಬಿಚ್ಚಿಸಿ ನೋಡಿ.

ಹೋದ ಭಾನುವಾರ ಮೂರು ಗಂಟೆ ಕೂತು ಎಲ್ಲ ಕಿತ್ತು ಹೊಸದಾಗಿ ಮಾಡಿಕೊಟ್ಟೆ. ಬೆರಳು ಕೂಡ ಕುಯ್ದುಕೊಂಡೆ. ಗೆಳೆಯ ಕಾರಿನೊಳಗೆ ಇಣುಕಿ, ಆ ಕಡೆ ಈ ಕಡೆ ನೋಡಿ ಏನಂದ ಗೊತ್ತಾ?

"ಮೊದಲೂ ಹಿಂಗೇ ಇತ್ತಲ್ಲೋ ಮಗಾ?"

:)